ವಯಸ್ಸಿಗೆ ತಕ್ಕ ಕಥೆ, ಅಳತೆಗೆ ತಕ್ಕ ಇಂಗ್ಲಿಷ್

ಪ್ರಶ್ನೆ: ನಮ್ಮ ಓದಿನ ಗುಂಪಿಗೆ 14ರಿಂದ 17 ವರ್ಷದ ಮಕ್ಕಳು ಬರುತ್ತಾರೆ. ನಲವತ್ತು ದಾಟಿದ ನಾಲ್ಕೈದು ಮಂದಿಯೂ ಇದ್ದಾರೆ. ಎಲ್ಲರ ಇಂಗ್ಲಿಷ್ ಓದು ಎರಡನೇ, ಮೂರನೇ ತರಗತಿಯ ಮಟ್ಟದಲ್ಲೇ ನಿಂತಿದೆ. ಚಿತ್ರಪುಸ್ತಕ ಕೊಟ್ಟರೆ ಮುಟ್ಟುವುದಿಲ್ಲ. ಅವರ ವಯಸ್ಸಿನ ಕಾದಂಬರಿ ಕೊಟ್ಟರೆ ಎರಡು ಪುಟಕ್ಕೇ ಮುಚ್ಚಿಡುತ್ತಾರೆ. ಇವರನ್ನು ಹಿಡಿದು ಕೂರಿಸುವಂಥ ಪುಸ್ತಕ ಹುಡುಕುವುದು ಹೇಗೆ?

ಉತ್ತರ: ಚಿತ್ರಪುಸ್ತಕ ಬೇಡ ಎಂದ ನಿಮ್ಮ ಓದುಗರು ಸರಿಯಾಗಿಯೇ ಹೇಳಿದ್ದಾರೆ. ನಾಚಿಕೆಯ ಮಾತು ಒಂದು ಕಡೆ ಇರಲಿ, ಆ ಪುಸ್ತಕಗಳು ಅವರಿಗೆ ಸುಲಭವೂ ಅಲ್ಲ. ಇಂಗ್ಲಿಷ್ ಮನೆಮಾತಾಗಿರುವ ಐದು ವರ್ಷದ ಮಗು ಶಾಲೆಗೆ ಬರುವ ಹೊತ್ತಿಗೆ ಸಾವಿರಾರು ಪದಗಳನ್ನು ಕಿವಿಯಲ್ಲಿ ತುಂಬಿಕೊಂಡಿರುತ್ತದೆ. ಅದು ಕಲಿಯಬೇಕಿರುವುದು ಅಕ್ಷರ ಕೂಡಿಸುವುದನ್ನು ಮಾತ್ರ. ಆದ್ದರಿಂದ ಅದರ ಪುಸ್ತಕದಲ್ಲಿ ಗಿಗಲ್, ವಿಗಲ್, ಪಡಲ್, ಟಿಪ್‌ಟೋ ಇಂಥವು ಪುಟಪುಟದಲ್ಲೂ ಸಿಗುತ್ತವೆ. ಇಂಗ್ಲಿಷನ್ನು ಪಾಠದಿಂದ ಕಲಿತ ಹದಿನಾರರ ಹುಡುಗನಿಗೆ ಈ ಪದಗಳು ಗೊತ್ತಿಲ್ಲ, ಗೊತ್ತಾದರೂ ಆಮೇಲೆ ಉಪಯೋಗಕ್ಕೆ ಬರುವುದಿಲ್ಲ. ಅದೇ ಹುಡುಗನಿಗೆ ಎಂಜಿನ್, ಪೊಲೀಸ್, ಮ್ಯಾಚ್, ಅಕೌಂಟ್, ಪಾಸ್‌ವರ್ಡ್ ಎಲ್ಲ ಗೊತ್ತು. ಒಂದು ಕಳ್ಳತನದ ತನಿಖೆಯ ಕಥೆ ಅವನಿಗೆ ಮೊಲದ ಮರಿಯ ಕಥೆಗಿಂತ ನಿಜಕ್ಕೂ ಸುಲಭ.

ಪುಸ್ತಕಕ್ಕೆ ಎರಡು ವಯಸ್ಸು ಇರುತ್ತವೆ ಎಂದುಕೊಳ್ಳಿ. ಕಥೆ ಯಾವ ವಯಸ್ಸಿನವರನ್ನು ಹಿಡಿಯುತ್ತದೆ ಎಂಬುದು ಆಸಕ್ತಿಯ ವಯಸ್ಸು, ವಾಕ್ಯಗಳು ಯಾವ ಮಟ್ಟದವರಿಗೆ ಎಟಕುತ್ತವೆ ಎಂಬುದು ಓದಿನ ವಯಸ್ಸು. ಎರಡನ್ನೂ ಬೇರೆ ಬೇರೆ ಅಳೆಯಬೇಕು. ರಾಜಿ ಮಾಡಿಕೊಳ್ಳಲೇಬೇಕಾಗಿ ಬಂದರೆ ಓದಿನ ವಯಸ್ಸಿನಲ್ಲಿ ಮಾಡಿಕೊಳ್ಳಿ, ಆಸಕ್ತಿಯ ವಯಸ್ಸಿನಲ್ಲಿ ಬೇಡ. ತುಸು ಕಷ್ಟದ ಪುಸ್ತಕವನ್ನು ಕೇಳಿಸಿಕೊಂಡೋ, ಯಾರಾದರೂ ಜೊತೆಗೆ ಕೂತೋ ದಾಟಿಸಬಹುದು. ತನಗೆ ಬೇಡವಾದ ಕಥೆಯನ್ನು ದಾಟಿಸುವ ಉಪಾಯ ಯಾವುದೂ ಇಲ್ಲ.

ಮೊದಲು ಓದುಗರನ್ನು ಎರಡಾಗಿ ವಿಂಗಡಿಸಿಕೊಳ್ಳಿ

ಪುಸ್ತಕ ಹುಡುಕುವ ಮೊದಲು ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಕೂರಬೇಕು. ಸರಳ ಇಂಗ್ಲಿಷಿನಲ್ಲಿ, ಒಂದೇ ಮಟ್ಟದ ಎರಡು ತುಣುಕು ಆರಿಸಿಕೊಳ್ಳಿ, ತಲಾ ನೂರು ಪದ ಇದ್ದರೆ ಸಾಕು. ಮೊದಲನೆಯದನ್ನು ಅವರೇ ಮನಸ್ಸಿನಲ್ಲಿ ಓದಿ, ಏನಾಯಿತು ಅಂತ ತಮ್ಮ ಮಾತೃಭಾಷೆಯಲ್ಲಿ ಹೇಳಲಿ. ಎರಡನೆಯದನ್ನು ನೀವು ನಿಧಾನವಾಗಿ ಓದಿ ಹೇಳಿ, ಅದನ್ನೂ ಹಾಗೆಯೇ ಕೇಳಿ. ಇಂಗ್ಲಿಷಿನಲ್ಲಿ ಉತ್ತರ ಕೇಳಬಾರದು. ಅರ್ಥವಾಗಿದ್ದರೂ ಹೇಳಲು ಪದ ಸಿಗದೆ ಸುಮ್ಮನಾಗುತ್ತಾರೆ, ನಿಮಗೆ ತಪ್ಪು ಲೆಕ್ಕ ಸಿಗುತ್ತದೆ.

ಕೇಳಿದ್ದು ಅರ್ಥವಾಗಿ, ಓದಿದ್ದು ಅರ್ಥವಾಗದಿದ್ದರೆ ತೊಡಕು ಅಕ್ಷರದಲ್ಲಿದೆ. ಇಂಗ್ಲಿಷಿನ ಕಾಗುಣಿತ ಬಲು ಮೋಸದ್ದು. ದೋ, ಥ್ರೂ, ಟಫ್, ಕಾಫ್ ನಾಲ್ಕರ ಕೊನೆಗೂ ಒಂದೇ ನಾಲ್ಕು ಅಕ್ಷರ (o-u-g-h), ಆದರೆ ನಾಲ್ಕು ಉಚ್ಚಾರ. ಬರೆದಂತೆ ಓದುವ ಲಿಪಿಯಲ್ಲಿ ಪಳಗಿದವರು ಇಲ್ಲಿ ಮುಗ್ಗರಿಸುತ್ತಾರೆ. ಇಂಥವರು ಮಾತೃಭಾಷೆಯನ್ನೂ ತಡವರಿಸಿ ಓದುತ್ತಾರೆಯೇ ಎಂದು ಒಮ್ಮೆ ನೋಡಿ. ತಡವರಿಸಿದರೆ ಡಿಸ್ಲೆಕ್ಸಿಯಾ (ಅಕ್ಷರ ಕೂಡಿಸಿ ಓದುವಲ್ಲಿನ ಕಲಿಕೆಯ ತೊಡಕು) ಇರಬಹುದು, ಶಾಲೆ ಅರ್ಧಕ್ಕೆ ನಿಂತಿರಬಹುದು, ಕನ್ನಡಕದ ತೊಂದರೆಯೂ ಇರಬಹುದು. ನಲವತ್ತು ದಾಟಿದವರಲ್ಲಿ ಈ ಕೊನೆಯದನ್ನು ಮೊದಲು ವಿಚಾರಿಸಿ. ಎಷ್ಟೋ ಸಲ ಅಕ್ಷರ ದೊಡ್ಡದಾದ ಕೂಡಲೇ ಅರ್ಧ ಕಷ್ಟ ಹೋಗುತ್ತದೆ.

ಓದಿದ್ದೂ ಕೇಳಿದ್ದೂ ಎರಡೂ ಅರ್ಥವಾಗದಿದ್ದರೆ ತೊಡಕು ಪದಗಳಲ್ಲಿದೆ. ಇವರು ತಮ್ಮ ಭಾಷೆಯಲ್ಲಿ ದಪ್ಪ ದಪ್ಪ ಪುಸ್ತಕ ಓದುವವರೂ ಆಗಿರಬಹುದು. ಈ ಎರಡು ಗುಂಪಿಗೆ ಬೇಕಾದ ಪುಸ್ತಕಗಳು ಬೇರೆ ಬೇರೆ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಪದ ಸಾಲದವರಿಗೆ ಗ್ರೇಡೆಡ್ ರೀಡರ್

ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಯುವವರಿಗೆಂದೇ, ಎಣಿಸಿಟ್ಟ ಪದಗಳೊಳಗೆ ಬರೆದ ಪುಸ್ತಕಗಳಿವು. ಈ ಬಗೆಯ ಪುಸ್ತಕಗಳಿಗೆ ದಾರಿ ಹಾಕಿದವರಲ್ಲಿ ಮುಖ್ಯರು ಮೈಕೆಲ್ ವೆಸ್ಟ್. 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ನೋಡಿಕೊಳ್ಳುತ್ತಿದ್ದಾಗ, ಅಲ್ಲಿನ ಹುಡುಗರ ಪಠ್ಯಗಳಲ್ಲಿ ಹೊಸ ಪದ ಒಂದರ ಮೇಲೊಂದು ಬಂದು ಬೀಳುತ್ತಿದ್ದುದನ್ನು ಅವರು ಗಮನಿಸಿದರು. ಹೊಸ ಪದ ಕಡಿಮೆ ಮಾಡಿ, ಬಂದ ಪದ ಮತ್ತೆ ಮತ್ತೆ ಬರುವಂತೆ ಪಠ್ಯ ಬರೆದರು. ಅವರು 1953ರಲ್ಲಿ ಹೊರತಂದ ಸುಮಾರು ಎರಡು ಸಾವಿರ ಪದಗಳ ಪಟ್ಟಿ ಇಂದಿಗೂ ಈ ಕ್ಷೇತ್ರದ ಆಧಾರಗಳಲ್ಲಿ ಒಂದು.

ಈ ಪುಸ್ತಕಗಳ ಮೇಲೆ ಹೆಡ್‌ವರ್ಡ್ ಎಂಬ ಒಂದು ಸಂಖ್ಯೆ ಇರುತ್ತದೆ. ಗೋ, ಗೋಸ್, ವೆಂಟ್, ಗಾನ್ ಎಲ್ಲ ಸೇರಿ ಒಂದು ಹೆಡ್‌ವರ್ಡ್. 400 ಹೆಡ್‌ವರ್ಡ್ ಎಂದರೆ ಪುಸ್ತಕದಲ್ಲಿ 400 ಪದ ಮಾತ್ರ ಇದೆ ಎಂದಲ್ಲ. ಆ 400ನ್ನೇ ತಿರುಗಿಸಿ ಮುರುಗಿಸಿ ಐದಾರು ಸಾವಿರ ಪದಗಳ ಕಥೆ ಹೇಳಿರುತ್ತಾರೆ. ನೀವು ಹಿಡಿಯಬೇಕಾದ ಅಂಕಿ ಇದೊಂದೇ. ಮುಖಪುಟದ ಲೆವೆಲ್ ನಂಬರನ್ನು ನಂಬಬೇಡಿ, ಅದು ಪ್ರಕಾಶಕರಿಂದ ಪ್ರಕಾಶಕರಿಗೆ ಬದಲಾಗುತ್ತದೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಸರಣಿ ಸ್ಟಾರ್ಟರ್‌ಗೆ 250 ಇಟ್ಟುಕೊಂಡು, ಒಂದರಿಂದ ಆರನೇ ಹಂತದವರೆಗೆ 400, 700, 1000, 1400, 1800, 2500 ಎಂದು ಏರುತ್ತದೆ. ಕೇಂಬ್ರಿಡ್ಜ್ ಇಂಗ್ಲಿಷ್ ರೀಡರ್ಸ್‌ನಲ್ಲಿ ಎರಡನೇ ಹಂತವೇ 800, ಆರನೆಯದು 3800. ಮ್ಯಾಕ್‌ಮಿಲನ್ ಸರಣಿಯಲ್ಲಿ 'ಬಿಗಿನರ್' ಎಂದು ಬರೆದಿದ್ದರೂ ಅದು 600. ಬಿಗಿನರ್ ಎಂಬ ಮಾತು ನೋಡಿ ಹೊಸಬರ ಕೈಗೆ ಕೊಟ್ಟು, ಅವರು ಸೋತು ವಾಪಸು ತಂದಾಗ 'ಇಷ್ಟು ಸುಲಭದ್ದೂ ಬರುವುದಿಲ್ಲವೇ' ಎನ್ನುವುದು ನಡೆಯುತ್ತಲೇ ಇರುತ್ತದೆ. ತಪ್ಪು ಅವರದಲ್ಲ, ಲೇಬಲ್ಲಿನದು. ನಿಮ್ಮ ಕಪಾಟಿನಲ್ಲಿ ಪ್ರಕಾಶಕರ ಕ್ರಮ ಬಿಟ್ಟು, ಹೆಡ್‌ವರ್ಡ್ ಪ್ರಕಾರ ಜೋಡಿಸಿ: 300ರ ಒಳಗೆ, 300–500, 500–800, 800–1200, ಅದರ ಮೇಲೆ. ಒಂದೊಂದಕ್ಕೆ ಒಂದು ಬಣ್ಣದ ಚುಕ್ಕೆ ಬೆನ್ನಿನ ಕೆಳಗೆ ಅಂಟಿಸಿದರೆ ಸಾಕು.

ಎರಡನೇ, ಮೂರನೇ ತರಗತಿಯ ಮಟ್ಟ ಎಂದಿರಿ. ಎರಡನೇ ಭಾಷೆಯಾಗಿ ಕಲಿತವರಾದರೆ 250–400ರಿಂದ ಶುರು ಮಾಡಿ. ಕೆಳಗಿನಿಂದ ಶುರು ಮಾಡಿ ಬೇಗ ಮೇಲೇರಿದರೆ ನಷ್ಟವೇನಿಲ್ಲ. ಮೇಲಿನಿಂದ ಶುರು ಮಾಡಿ ಕೆಳಗಿಳಿಸಿದರೆ ಆ ಓದುಗರು ಮತ್ತೆ ಬರುವುದು ಕಷ್ಟ. ಕೇಂಬ್ರಿಡ್ಜ್ ಸರಣಿಯ ಒಂದು ಗುಣ ಹೇಳಲೇಬೇಕು: ಅದರ ಕಥೆಗಳು ಹಳೆಯ ಕಾದಂಬರಿಗಳ ಸಂಕ್ಷೇಪವಲ್ಲ, ಕಲಿಯುವವರಿಗೆಂದೇ ಹೊಸದಾಗಿ ಬರೆದವು. ಆಫೀಸು, ಮದುವೆ, ಕೊಲೆ, ಪ್ರಯಾಣ ಹೀಗೆ ದೊಡ್ಡವರ ವಿಷಯ. ನಿಮ್ಮ ನಲವತ್ತು ದಾಟಿದವರಿಗೆ ಇದನ್ನೇ ಮೊದಲು ತೋರಿಸುವುದು ಒಳ್ಳೆಯದು.

ಒಂದು ಬಲೆಯಿದೆ, ಎಚ್ಚರ. 'ಅಬ್ರಿಜ್ಡ್' ಎಂದು ಬರೆದ ಪುಸ್ತಕ ಸರಳ ಪುಸ್ತಕವಲ್ಲ. 500 ಪುಟದ ಹಳೆಯ ಕಾದಂಬರಿಯನ್ನು 150ಕ್ಕೆ ಕತ್ತರಿಸಿರುತ್ತಾರೆ, ಆದರೆ ಉಳಿದ ವಾಕ್ಯಗಳು ಹತ್ತೊಂಬತ್ತನೇ ಶತಮಾನದವೇ. ನಡುವೆ ಕತ್ತರಿಸಿದ್ದರಿಂದ ಕಥೆಯ ಎಳೆ ಬೇರೆ ತಪ್ಪುತ್ತದೆ. ಮೂಲಕ್ಕಿಂತ ಅದೇ ಕಷ್ಟ. ಬೆನ್ನುಡಿಯಲ್ಲೋ ಮೊದಲ ಪುಟಗಳಲ್ಲೋ ಹೆಡ್‌ವರ್ಡ್ ಸಂಖ್ಯೆ, ಹಂತ, ಕಷ್ಟಪದಗಳ ಪಟ್ಟಿ ಯಾವುದೂ ಇಲ್ಲದಿದ್ದರೆ ಅದು ಕೇವಲ ಕತ್ತರಿಸಿದ ಪುಸ್ತಕ ಎಂದೇ ತಿಳಿದು ಪಕ್ಕಕ್ಕಿಡಿ. ಕೃತಿಸ್ವಾಮ್ಯ ಮುಗಿದು ಉಚಿತವಾಗಿ ಸಿಗುವ ಹಳೆಯ ಕಾದಂಬರಿಗಳ ಕಥೆಯೂ ಇದೇ. ಉಚಿತ ಎಂದು ಮುದ್ರಿಸಿ ಹಂಚಿದರೆ ಕಾಗದ ಹಾಳು.

ಅಕ್ಷರ ತೊಡಕಿನವರಿಗೆ ಹೈ-ಲೋ

ಆಸಕ್ತಿ ಎತ್ತರ, ಓದುವ ಕಷ್ಟ ಕಡಿಮೆ ಎಂಬುದಕ್ಕೆ ಹೈ-ಲೋ ಎನ್ನುತ್ತಾರೆ. ಇಂಗ್ಲಿಷ್ ಮಾತಾಡಲು ಬರುವ, ಓದಲು ತಡವರಿಸುವ ಹದಿಹರೆಯದವರಿಗೆ ಬರೆದವು. ಮೊದಲ ಪುಟದಲ್ಲೇ ಏನೋ ಒಂದು ಘಟನೆ ನಡೆದುಹೋಗಿರುತ್ತದೆ, ಪಾತ್ರಗಳು ಮೂರೋ ನಾಲ್ಕೋ, ಅಧ್ಯಾಯ ನಾಲ್ಕೈದು ಪುಟ, ಕಾಲ ಹಿಂದೆ ಮುಂದೆ ಜಿಗಿಯುವುದಿಲ್ಲ. ಬ್ರಿಟನ್ನಿನ ಬ್ಯಾರಿಂಗ್‌ಟನ್ ಸ್ಟೋಕ್ 1998ರಿಂದ ಇದನ್ನೇ ಮಾಡಿಕೊಂಡು ಬಂದಿದೆ: ಕಣ್ಣಿಗೆ ಚುಚ್ಚದ ಕೆನೆಬಣ್ಣದ ಕಾಗದ, ಅದಕ್ಕೆಂದೇ ಆರಿಸಿದ ಅಚ್ಚು, ಸಾಲುಗಳ ನಡುವೆ ಜಾಗ, ಆಸಕ್ತಿಯ ವಯಸ್ಸು ಮತ್ತು ಓದಿನ ವಯಸ್ಸು ಎರಡರ ನಮೂದು. ಕೆನಡಾದ ಓರ್ಕಾ ಸಂಸ್ಥೆಯಲ್ಲಿ ಹದಿಹರೆಯದವರಿಗೆ ಸೌಂಡಿಂಗ್ಸ್, ಅದಕ್ಕಿಂತ ಚಿಕ್ಕವರಿಗೆ ಕರೆಂಟ್ಸ್ ಎಂಬ ಸರಣಿಗಳಿವೆ. ದೊಡ್ಡವರಿಗೆ ಕ್ವಿಕ್ ರೀಡ್ಸ್ ಎಂಬ ಪುಟ್ಟ ಪುಸ್ತಕಗಳು 2006ರಲ್ಲಿ ಬ್ರಿಟನ್ನಿನಲ್ಲಿ ಶುರುವಾದವು. ಹೆಸರಾಂತ ಲೇಖಕರೇ ಬರೆದಿರುವುದರಿಂದ 'ಕಲಿಯುವವರ ಪುಸ್ತಕ' ಎಂಬ ಮುಜುಗರವಿರುವುದಿಲ್ಲ.

ಆದರೆ ಇವುಗಳನ್ನು ಪದ ಸಾಲದ ಗುಂಪಿಗೆ ಕೊಡಬೇಡಿ, ಕೊಟ್ಟರೂ ತಡವಾಗಿ ಕೊಡಿ. ಕಾರಣ ಒಂದು ವಾಕ್ಯದಲ್ಲೇ ತೋರಿಸಬಹುದು.

'ಹಿ ಪುಟ್ ಅಪ್ ವಿತ್ ಇಟ್.' ಐದು ಪದ, ಐದೂ ಚಿಕ್ಕವು, ಐದೂ ಮೊದಲ ವರ್ಷದಲ್ಲೇ ಕಲಿತವು. ಫ್ಲೆಶ್–ಕಿನ್‌ಕೇಡ್ ಎಂಬ ಸೂತ್ರ ಇದೆ. 1975ರಲ್ಲಿ ಅಮೆರಿಕದ ನೌಕಾಪಡೆಯ ಕೈಪಿಡಿಗಳಿಗಾಗಿ ಹೊಂದಿಸಿದ್ದು, ಈಗ ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲೇ ಸಿಗುತ್ತದೆ. ವಾಕ್ಯದ ಉದ್ದ ಮತ್ತು ಪದದ ಉದ್ದ ಎರಡನ್ನೇ ಅಳೆದು ತರಗತಿ ಹೇಳುತ್ತದೆ. ಈ ವಾಕ್ಯಕ್ಕೆ ಅದು ಕೊಡುವ ಉತ್ತರ ಮೈನಸ್ 1.84, ಅಂದರೆ ಒಂದನೇ ತರಗತಿಗಿಂತಲೂ ಕೆಳಗೆ. ಈಗ 'ಹಿ ಟಾಲರೇಟೆಡ್ ಇಟ್' ಎನ್ನಿ. ಅರ್ಥ ಅದೇ, ಸೂತ್ರದ ಉತ್ತರ 9.18, ಒಂಬತ್ತನೇ ತರಗತಿ. ಸೂತ್ರ ಒಂದೇ ವಾಕ್ಯಕ್ಕೆ ಮಾಡಿದ್ದಲ್ಲ, ನಿಜ. ಆದರೆ ಅದರ ಕುರುಡು ಎಲ್ಲಿದೆ ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಎರಡನೇ ಭಾಷೆಯವರು ಟಾಲರೇಟ್ ಎಂಬುದನ್ನು ನಿಘಂಟಿನಲ್ಲಿ ನೋಡಿ 'ಸಹಿಸಿಕೊಳ್ಳು' ಎಂದು ಅರ್ಧ ನಿಮಿಷದಲ್ಲಿ ಮುಂದೆ ಹೋಗುತ್ತಾರೆ. ಮೊದಲ ವಾಕ್ಯದಲ್ಲಿ ಯಾವ ಪದ ಹುಡುಕಬೇಕೆಂದೇ ಗೊತ್ತಾಗುವುದಿಲ್ಲ. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು, ಒಟ್ಟಿಗೆ ಏನೂ ಗೊತ್ತಿಲ್ಲ. ಗಿವ್ ಅಪ್, ಪುಟ್ ಆಫ್, ಗೆಟ್ ಅವೇ ವಿತ್, ರನ್ ಔಟ್ ಆಫ್ ಎಲ್ಲವೂ ಹೀಗೆಯೇ. ಹೈ-ಲೋ ಪುಸ್ತಕಗಳ ಮಾತುಕತೆ ಇವುಗಳಿಂದಲೇ ಕಟ್ಟಿದ್ದು, ಜೊತೆಗೆ ಅಲ್ಲಿನ ಹುಡುಗರ ಆಡುಮಾತು ಬೇರೆ. ಇಂಗ್ಲಿಷ್ ಕಿವಿಯಲ್ಲಿರುವವನಿಗೆ ಇದು ವರ, ಇಲ್ಲದವನಿಗೆ ಗೋಡೆ.

ಇದೇ ಕಾರಣಕ್ಕೆ, ಪುಸ್ತಕ ಓದಲು ಎಷ್ಟು ಕಷ್ಟ ಎಂಬುದನ್ನು ಸಂಖ್ಯೆಯಲ್ಲಿ ಹೇಳುವ ಲೆಕ್ಸೈಲ್ ಮೊದಲಾದ ಅಂಕಿಗಳನ್ನೂ ಅಳೆದು ನಂಬಿ. ಅಮೆರಿಕದ ಲೇಖಕ ಸ್ಟೈನ್‌ಬೆಕ್ ದೊಡ್ಡವರಿಗಾಗಿ ಬರೆದ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ಲೆಕ್ಸೈಲ್ 680. ಎಂಟೊಂಬತ್ತು ವರ್ಷದ ಮಕ್ಕಳ ಎಷ್ಟೋ ಪುಸ್ತಕಗಳ ಅಳತೆಯೂ ಅಷ್ಟೇ. ಆ ಕಾದಂಬರಿಯ ಪ್ರಾದೇಶಿಕ ಮಾತು, ಅದರ ಭಾರ, ಅದರ ಉದ್ದ ಯಾವುದೂ ಆ ಸಂಖ್ಯೆಯಲ್ಲಿ ಇಲ್ಲ.

ನೂರು ಪದ, ಎರಡು ತಪ್ಪು

ಹಾಗಾದರೆ ಕೈಯಲ್ಲಿರುವ ಪುಸ್ತಕ ಎದುರಿನ ವ್ಯಕ್ತಿಗೆ ಹೊಂದುತ್ತದೆಯೇ ಎಂದು ತಿಳಿಯುವುದು ಹೇಗೆ? ಪುಸ್ತಕದ ನಡುವಿನಿಂದ ಒಂದು ಪುಟ ತೆರೆಯಿರಿ. ಮೊದಲ ಪುಟ ಬೇಡ, ಲೇಖಕರು ಅಲ್ಲಿ ಹೊಸ ಹೆಸರು, ಊರು ಎಲ್ಲ ಪರಿಚಯಿಸುತ್ತಿರುತ್ತಾರೆ. ನೂರು ಪದ ಎಣಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಅರ್ಥವಾಗದ ಪದಕ್ಕೆ ಓದುಗರೇ ಚುಕ್ಕೆ ಇಡಲಿ. ಹೆಸರುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪದ ಗೊತ್ತಿದ್ದೂ ಮಾತು ಅರ್ಥವಾಗದಿದ್ದರೆ ಅದನ್ನೂ ಒಂದು ಚುಕ್ಕೆ ಎಂದೇ ಎಣಿಸಿ, ಪುಟ್ ಅಪ್ ವಿತ್ ಸಿಕ್ಕಿಬೀಳುವುದು ಹಾಗೆಯೇ. ಎರಡರವರೆಗೆ ಚುಕ್ಕೆ ಇದ್ದರೆ ಒಬ್ಬರೇ ಓದಬಲ್ಲರು. ಮೂರರಿಂದ ಐದಿದ್ದರೆ ಆಡಿಯೊ ಅಥವಾ ಜೊತೆಗಾರ ಬೇಕು. ಅದಕ್ಕೂ ಮೇಲಾದರೆ ಈಗ ಬೇಡ.

ಎರಡು ಎಂಬ ಅಂಕಿ ಊಹೆಯದಲ್ಲ. ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಯನ್ನು ಯಾರ ನೆರವೂ ಇಲ್ಲದೆ ಗ್ರಹಿಸಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು. 80 ಮಾತ್ರ ಗೊತ್ತಿದ್ದಾಗ ಯಾರೊಬ್ಬರಿಗೂ ಸಾಕಷ್ಟು ಅರ್ಥವಾಗಲಿಲ್ಲ. 'ಸಂದರ್ಭ ನೋಡಿ ಅರ್ಥ ಊಹಿಸಿ' ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಐದು ಪದಕ್ಕೊಂದು ತೂತಿರುವ ವಾಕ್ಯದಲ್ಲಿ ಸಂದರ್ಭವೇ ಉಳಿದಿರುವುದಿಲ್ಲ.

ಅಳತೆ ಸರಿಯಾದರೂ ಪುಸ್ತಕ ಕೈಗೆ ಹತ್ತದಿರಲು ಇನ್ನೊಂದು ಕಾರಣ ಅದರ ರೂಪ. ಮುಖಪುಟದ ಮೇಲೆ ದಪ್ಪಗೆ 'ಲೆವೆಲ್ 1' ಎಂದಿದ್ದರೆ ಹದಿನಾರರ ಹುಡುಗಿ ಅದನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದಿಲ್ಲ. ಅದರ ಮೇಲೆ ಗ್ರಂಥಾಲಯದ ಚೀಟಿ ಅಂಟಿಸಿ ಮುಚ್ಚಿಬಿಡಿ. ಮುಖಪುಟದ ಚಿತ್ರದಲ್ಲಿರುವ ವ್ಯಕ್ತಿ ಓದುಗರ ವಯಸ್ಸಿನವನಾಗಿರಲಿ, ಒಂದೆರಡು ವರ್ಷ ದೊಡ್ಡವನಾದರೂ ಸರಿ, ಚಿಕ್ಕವನಾಗಿರಬಾರದು. ಅಚ್ಚು 12–14 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಅಂತರ, ಬಲ ಅಂಚು ಸಮ ಮಾಡದೆ ಬಿಟ್ಟ ಪುಟ ಓದಲು ಹಗುರ. ವಯಸ್ಸಾದವರಿಗೆ 16 ಪಾಯಿಂಟಿನ ದೊಡ್ಡಕ್ಷರದ ಮುದ್ರಣ ಹುಡುಕಿ, ಅಥವಾ ಇ-ಪುಸ್ತಕ ಕೊಡಿ. ಅದರಲ್ಲಿ ಅಕ್ಷರ ಬೇಕಾದಷ್ಟು ದೊಡ್ಡದಾಗುತ್ತದೆ, ಯಾವ ಮಟ್ಟದ್ದು ಓದುತ್ತಿದ್ದಾರೆಂದು ಪಕ್ಕದವರಿಗೂ ಕಾಣುವುದಿಲ್ಲ.

ಕಥೆಯೇ ಆಗಬೇಕೆಂದಿಲ್ಲ

ಮೋಟಾರು ಬಿಚ್ಚಿ ಜೋಡಿಸುವವನಿಗೆ ಎಂಜಿನ್ನಿನ ಸಚಿತ್ರ ಪುಸ್ತಕ ಅವನ ಮಟ್ಟಕ್ಕಿಂತ ಎರಡು ಹಂತ ಮೇಲಿದ್ದರೂ ಓದಬಲ್ಲ, ಅರ್ಧ ಪದಗಳು ಅವನ ಕೈಗೇ ಗೊತ್ತು. ಆಟಗಾರರ ಜೀವನ, ಸಮುದ್ರದಾಳ, ಅಪರಾಧ ತನಿಖೆ, ತೋಟಗಾರಿಕೆ, ಹೊಲಿಗೆ: ಓದುಗರು ಬಿಡುವಿನಲ್ಲಿ ಏನು ಮಾಡುತ್ತಾರೆ, ಏನು ನೋಡುತ್ತಾರೆ ಎಂದು ಕೇಳಿ ಅದೇ ವಿಷಯದಲ್ಲಿ ಹುಡುಕಿ. 'ನಿಮಗೆ ಎಂಥ ಪುಸ್ತಕ ಇಷ್ಟ' ಎಂದು ಕೇಳಿದರೆ ಪುಸ್ತಕವನ್ನೇ ಓದದವರು ಉತ್ತರ ಹೇಳಲಾರರು.

ಗ್ರಾಫಿಕ್ ನಾವೆಲ್, ಅಂದರೆ ಚಿತ್ರಕಥೆಯ ರೂಪದ ಕಾದಂಬರಿ, ಎಲ್ಲರೂ ಮೊದಲು ಹೇಳುವ ಸಲಹೆ. ಒಳ್ಳೆಯದೇ, ಆದರೆ ಒಳಗೆ ತೆರೆದು ನೋಡಿ ಆರಿಸಿ. ಅನೇಕದರಲ್ಲಿ ಮಾತುಗಳೆಲ್ಲ ದೊಡ್ಡಕ್ಷರದಲ್ಲಿ, ಕೈಬರಹದಂಥ ಅಚ್ಚಿನಲ್ಲಿ ಇರುತ್ತವೆ. ಓದಲು ತಡವರಿಸುವವರಿಗೆ ಅದು ತ್ರಾಸ. ಒಂದು ಚೌಕದಲ್ಲಿ ಎರಡಕ್ಕಿಂತ ಹೆಚ್ಚು ಮಾತಿನ ಗುಳ್ಳೆ ಇರುವುದನ್ನು ಬಿಡಿ. ಪದ್ಯರೂಪದ ಕಾದಂಬರಿಗಳು ಅಕ್ಷರ ತೊಡಕಿನ ಹದಿಹರೆಯದವರಿಗೆ ಬಹಳ ಹಿಡಿಸುತ್ತವೆ. ಸಾಲು ಚಿಕ್ಕದು, ಪುಟದ ತುಂಬ ಖಾಲಿ ಜಾಗ, ದಪ್ಪ ಪುಸ್ತಕ ಮುಗಿಸಿದೆ ಎಂಬ ಹೆಮ್ಮೆಯೂ ಸಿಗುತ್ತದೆ. ರೂಪಕ ತುಂಬಿದ ಮಾತಾದ್ದರಿಂದ ಪದ ಸಾಲದವರಿಗೆ ಮಾತ್ರ ಬೇಡ.

ಅವರಿಗೆ ಇನ್ನೊಂದು ಒಳದಾರಿಯಿದೆ. ತಮ್ಮ ಭಾಷೆಯಲ್ಲಿ ಆಗಲೇ ಓದಿರುವ ಅಥವಾ ಸಿನಿಮಾ ನೋಡಿರುವ ಕಥೆಯ ಗ್ರೇಡೆಡ್ ರೂಪ ಕೊಡಿ. ಕಥೆ ಗೊತ್ತಿರುವುದರಿಂದ ಮನಸ್ಸೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ. ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಮಾತೃಭಾಷೆ ಇರುವ ಪುಸ್ತಕಗಳಿಗಿಂತ ಇದು ಮೇಲು, ಅಲ್ಲಿ ಕಣ್ಣು ತಾನಾಗಿ ಸುಲಭದ ಪುಟಕ್ಕೇ ಜಾರುತ್ತದೆ.

ಆಡಿಯೊ ಕೇಳುತ್ತ ಓದುವುದು ಎರಡೂ ಗುಂಪಿಗೆ ಒಳ್ಳೆಯದು. ಸಾಮಾನ್ಯ ಆಡಿಯೊ ಪುಸ್ತಕ ನಿಮಿಷಕ್ಕೆ 150 ಪದಗಳ ಆಸುಪಾಸಿನಲ್ಲಿ ಓಡುತ್ತದೆ. 0.75ಕ್ಕೆ ಇಳಿಸಿದರೆ ಸುಮಾರು 112 ಆಗುತ್ತದೆ, ಬೆರಳು ಸಾಲಿನ ಮೇಲೆ ಹಿಂಬಾಲಿಸಬಹುದು. ಅದಕ್ಕಿಂತ ಇಳಿಸಿದರೆ ದನಿ ಎಳೆದಂತಾಗಿ ಕೇಳಲಾಗದು. ಪುಸ್ತಕ ಮತ್ತು ಆಡಿಯೊ ಒಂದೇ ಪಠ್ಯದ್ದೇ ಎಂದು ಮೊದಲ ಮೂರು ಪುಟ ನೀವೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಕತ್ತರಿಸಿದ ಆಡಿಯೊ ಹಾಕಿ ಪೂರ್ಣ ಪುಸ್ತಕ ಕೊಟ್ಟರೆ ಎರಡನೇ ಪುಟದಲ್ಲಿ ಓದುಗರು ಕಳೆದುಹೋಗುತ್ತಾರೆ, ತಪ್ಪು ತಮ್ಮದೆಂದೇ ತಿಳಿಯುತ್ತಾರೆ.

ಕೊಟ್ಟ ಮೇಲೆ

ಒಬ್ಬೊಬ್ಬರ ಮುಂದೆ ಒಮ್ಮೆಗೆ ಮೂರೋ ನಾಲ್ಕೋ ಪುಸ್ತಕ ಇಡಿ, ಆಯ್ಕೆ ಅವರದಾಗಲಿ. ಹತ್ತು ಪುಟ ಓದಿಯೂ ಹಿಡಿಸದಿದ್ದರೆ ಕಾರಣ ಕೇಳದೆ ಬದಲಿಸಿಕೊಡಿ. ಪ್ರಶ್ನೋತ್ತರ, ಸಾರಾಂಶ ಬರೆಸುವುದು, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುವುದು ಈ ಮೂರನ್ನೂ ಪೂರ್ತಿ ಬಿಡಿ. ಗಟ್ಟಿಯಾಗಿ ಓದಿಸಿದಾಗ ದೊಡ್ಡವರ ಗಮನವೆಲ್ಲ ಉಚ್ಚಾರದ ಭಯಕ್ಕೆ ಹೋಗುತ್ತದೆ, ಕಥೆ ಕೈತಪ್ಪುತ್ತದೆ. 'ಇವನು ಹೀಗೇಕೆ ಮಾಡಿದ ಅಂತೀರಿ?' ಎಂದು ಮಾತಿಗೆಳೆದರೆ ಓದಿದ್ದು ಎಷ್ಟು ಅರ್ಥವಾಗಿದೆ ಎಂಬುದು ನಿಮಗೂ ತಿಳಿಯುತ್ತದೆ. ನಿಘಂಟು ಅಧ್ಯಾಯಕ್ಕೆ ಮೂರು ಪದಕ್ಕೆ ಸಾಕು, ಅದೂ ಅಧ್ಯಾಯ ಮುಗಿದ ಮೇಲೆ. ಪ್ರತಿ ಸಾಲಿಗೂ ನಿಘಂಟು ತೆಗೆಯುತ್ತಿದ್ದರೆ ಪುಸ್ತಕದ ಮಟ್ಟ ಇಳಿಸಬೇಕೆಂದೇ ಅರ್ಥ.

ಒಂದು ಪುಸ್ತಕ ಮುಗಿಸಿದವರು ಅಲ್ಲಿಗೇ ನಿಂತುಬಿಡುವುದು ಹೆಚ್ಚು. ಮುಗಿಸಿದ ದಿನವೇ ಅದೇ ಲೇಖಕರದ್ದೋ, ಅದೇ ಪಾತ್ರಗಳದ್ದೋ ಇನ್ನೊಂದು ಕೈಗಿಡಿ. ಪಾತ್ರ, ಜಾಗ, ಲೇಖಕರ ಮೆಚ್ಚಿನ ಪದಗಳು ಮರಳಿ ಬರುವುದರಿಂದ ಎರಡನೆಯದು ಮೊದಲನೆಯದಕ್ಕಿಂತ ಹಗುರ. ಸರಣಿ ಪುಸ್ತಕ ಕೊಳ್ಳುವಾಗ ಒಂದೊಂದೇ ಬಿಡಿ ತರುವುದಕ್ಕಿಂತ ಎರಡು ಮೂರು ಸರಣಿಗಳನ್ನು ಪೂರ್ತಿ ತರುವುದು ಇದಕ್ಕೇ. ವಾರಕ್ಕೊಂದು ಪುಸ್ತಕ, ಒಂದು ಹಂತದಲ್ಲಿ ಕನಿಷ್ಠ ಐದು ಪುಸ್ತಕ ಎಂಬುದು ನೇಷನ್ ಮತ್ತು ವಾಂಗ್ 1999ರಲ್ಲಿ ಹಾಕಿಕೊಟ್ಟ ಲೆಕ್ಕ. ಅಷ್ಟು ಓದಿದರೆ ಆ ಹಂತದ ಪದಗಳು ಬೇರೆ ಬೇರೆ ಪುಸ್ತಕಗಳಲ್ಲಿ ಸಾಕಷ್ಟು ಸಲ ಎದುರಾಗುತ್ತವೆ. ಐದು ಮುಗಿದ ಮೇಲೆ ನೂರು ಪದಗಳ ಪರೀಕ್ಷೆಯನ್ನು ಮುಂದಿನ ಬಣ್ಣದ ಪುಸ್ತಕದಲ್ಲಿ ಮಾಡಿ ನೋಡಿ.

ಮುಂದೆ ಒಂದು ದೊಡ್ಡ ಕಂದರವಿದೆ, ಈಗಲೇ ತಿಳಿದಿರಲಿ. ಗ್ರೇಡೆಡ್ ಸರಣಿಗಳು 2500ಕ್ಕೋ 3800ಕ್ಕೋ ಮುಗಿಯುತ್ತವೆ. ಸರಳಗೊಳಿಸದ ಕಾದಂಬರಿಯನ್ನು 98ರ ಲೆಕ್ಕದಲ್ಲಿ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ) ಬೇಕು ಎಂದು ನೇಷನ್ 2006ರಲ್ಲಿ ತೋರಿಸಿದರು. ಕೊನೆಯ ಹಂತ ಮುಗಿಸಿದವರ ಕೈಗೆ ಸೀದಾ ದೊಡ್ಡ ಕಾದಂಬರಿ ಕೊಟ್ಟರೆ ಮತ್ತೆ ಮೊದಲಿನ ಕಥೆಯೇ. ಈ ನಡುವಿನ ಜಾಗದಲ್ಲಿಯೇ ಅವರಿಗೆ ಹೈ-ಲೋ ಕೊಡಬೇಕು, ಕ್ವಿಕ್ ರೀಡ್ಸ್ ಕೊಡಬೇಕು. ಈ ಹೊತ್ತಿಗೆ ಗಿವ್ ಅಪ್, ಪುಟ್ ಆಫ್ ಎಲ್ಲ ಪರಿಚಯವಾಗಿರುತ್ತವೆ. ಅವರವರ ಕಸುಬಿನ ಪುಸ್ತಕಗಳನ್ನೂ, ಒಂದೇ ಲೇಖಕರ ಹದಿಹರೆಯದ ಕಾದಂಬರಿಗಳ ಉದ್ದನೆಯ ಸರಣಿಯನ್ನೂ ಇಲ್ಲಿಗೇ ಉಳಿಸಿಟ್ಟುಕೊಳ್ಳಿ. ಸರಣಿಯ ಮೊದಲ ಪುಸ್ತಕವನ್ನು ಆಡಿಯೊ ಜೊತೆ ಓದಲಿ, ಎರಡನೆಯದನ್ನು ಆಡಿಯೊ ಇಲ್ಲದೆ ಓದಲು ಬಿಡಿ.